ಕಚೇರಿ ವೇಳೆಯಲ್ಲಿ ಮೆಂತ್ಯ ಸೇವನೆ ಹಾಗೂ ಅಧೀಕ್ಷಕರ ಮಾತ್ರೆಯ ಕುರಿತು

ಸಹಾಯಕ ನಿರ್ದೇಶಕರ ಕಚೇರಿ, ಚಾಮರಾಜಪೇಟೆ, ಬೆಂಗಳೂರು
(ಇಲಾಖೆಯ ಹೆಸರನ್ನು ಇಲಾಖೆಯ ಮರ್ಯಾದೆಯ ಹಿತದೃಷ್ಟಿಯಿಂದ ಕೈಬಿಡಲಾಗಿದೆ)

ಸಂಖ್ಯೆ: ಸಿಬ್ಬಂದಿ/ಮೆಂತ್ಯ/ನೆನೆಸಿದ್ದು/ಇತರೆ
ದಿನಾಂಕ: ಸರ್ವರ್ ಸರಿಹೋದ ದಿನ

ಸುತ್ತೋಲೆ

ವಿಷಯ: ಮೆಂತ್ಯವನ್ನು ನೆನೆಸಿ, ಮೊಳಕೆ ಬರಿಸಿ, ಪುಡಿ ಮಾಡಿ ಅಥವಾ ಕ್ಯಾಪ್ಸೂಲ್ ರೂಪದಲ್ಲಿ ಕಚೇರಿಯಲ್ಲಿ ಸೇವಿಸುವ, ಹಂಚುವ ಮತ್ತು ತಲೆಗೆ ಮೆತ್ತಿಕೊಂಡು ಬರುವ ಬಗ್ಗೆ.

ಉಲ್ಲೇಖ:
೧. ಕಳೆದ ಶನಿವಾರ ಬೆಳಗ್ಗೆ ಈ ಕಚೇರಿಯಲ್ಲಿ ನಡೆದ ಘಟನೆ.
೨. ಅಧೀಕ್ಷಕರಾದ ಶ್ರೀ ಆಂಜಿನಯ್ಯನವರು ಸಲ್ಲಿಸಿದ ಕರಡು ಸುತ್ತೋಲೆ (ತಿರಸ್ಕೃತ).
೩. ಎದುರಿನ ಕ್ಲಿನಿಕ್ಕಿನ ವೈದ್ಯರು ಬೈಯುತ್ತಲೇ ನೀಡಿದ ಮೌಖಿಕ ಅಭಿಪ್ರಾಯ.

ಪ್ರಸ್ತಾವನೆ

ಈ ಕಚೇರಿಯಿಂದ ಹೊರಡುವ ಸುತ್ತೋಲೆಗಳನ್ನೆಲ್ಲ ಬರೆಯುವವರು ಅಧೀಕ್ಷಕರಾದ ಶ್ರೀ ಆಂಜಿನಯ್ಯನವರು. ಮೆಟ್ಟಿಲ ಮೇಲೆ ಛತ್ರಿ ಒಣಗಿಸಬಾರದೆಂಬ ಸುತ್ತೋಲೆ, ಗಡಿಯಾರದ ಕೆಳಗೆ ನಿಂತು ಆಕಳಿಸಬಾರದೆಂಬ ಸುತ್ತೋಲೆ, ಹಿಂದಿನ ಸುತ್ತೋಲೆಯನ್ನು ಓದದವರು ಓದಿದ್ದೇವೆಂದು ಸಹಿ ಹಾಕಬಾರದೆಂಬ ಸುತ್ತೋಲೆ, ಇವೆಲ್ಲ ಅವರ ಕೈಬರಹದಲ್ಲೇ ಮೊದಲು ಮೂಡಿದವು. ಆದುದರಿಂದ ಮೆಂತ್ಯದ ಕುರಿತೂ ಒಂದು ಕರಡು ಸಿದ್ಧಪಡಿಸುವಂತೆ ಸದರಿಯವರಿಗೇ ಸೂಚಿಸಲಾಗಿತ್ತು.

ಕರಡು ಬಂದಿತು. ಅದರಲ್ಲಿ ವಿಷಯ ನಿರ್ವಾಹಕರಾದ ಮೂರ್ತಿಯವರ ಲೋಟದ ಬಗ್ಗೆ ಇತ್ತು, ಹೊಸದಾಗಿ ಕೆಲಸಕ್ಕೆ ಸೇರಿದ ಶರಣ್ ಅವರ ತಲೆಗೂದಲಿನ ಬಗ್ಗೆ ಇತ್ತು, ಕಿಟಕಿಯ ಇರುವೆಗಳ ಬಗ್ಗೆಯೂ ಒಂದು ಕಂಡಿಕೆ ಇತ್ತು. ಶನಿವಾರ ಕುರ್ಚಿಯಿಂದ ಜಾರಿದವರು ಯಾರು, ಏಕೆ ಜಾರಿದರು, ಅವರ ಡ್ರಾಯರಿನಲ್ಲಿ ಏನಿತ್ತು ಎಂಬುದು ಮಾತ್ರ ಇರಲಿಲ್ಲ. ಮದುವೆಯ ಲಗ್ನಪತ್ರಿಕೆಯಲ್ಲಿ ಗಂಡಿನ ಹೆಸರೇ ಬಿಟ್ಟುಹೋದಂತಿದ್ದ ಆ ಕರಡನ್ನು ತಿರಸ್ಕರಿಸಿ, ಈ ಸುತ್ತೋಲೆಯನ್ನು ಕೆಳಸಹಿದಾರರೇ ಖುದ್ದಾಗಿ ಬರೆದಿರುತ್ತಾರೆ. ಹೆಸರು ಬಳಸಲು ಆಂಜಿನಯ್ಯನವರ ಒಪ್ಪಿಗೆ ಪಡೆಯಲಾಗಿದೆ. ಒಪ್ಪಿಗೆ ಕೊಡುವಾಗ ಅವರು ಫ್ಯಾನಿನ ಕಡೆ ನೋಡುತ್ತಿದ್ದರು. ಆದರೂ ಒಪ್ಪಿಗೆ ಒಪ್ಪಿಗೆಯೇ.

ಹಿನ್ನೆಲೆ ಹೀಗಿದೆ. ಆಂಜಿನಯ್ಯನವರ ಧರ್ಮಪತ್ನಿ ಶ್ರೀಮತಿ ಪಾರ್ವತಮ್ಮನವರು ಇದೇ ಚಾಮರಾಜಪೇಟೆಯ ತಮ್ಮ ಬೀದಿಯಲ್ಲಿ 'ಮೆಂತ್ಯದ ಪಾರ್ವತಮ್ಮ' ಎಂದೇ ಹೆಸರಾದವರು. ರಾತ್ರಿ ಒಂದು ಚಮಚ ಮೆಂತ್ಯ ನೆನೆಸಿ, ಬೆಳಗ್ಗೆ ನೀರು ಕುಡಿದು ಕಾಳು ಅಗಿದವರ ಹತ್ತಿರ ಸಕ್ಕರೆ ಕಾಯಿಲೆ ಸುಳಿಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಸಿದ್ಧಾಂತಕ್ಕೆ ಸಾಕ್ಷಿ, ಅವರ ಯಜಮಾನರು. "ನಮ್ಮನೇವ್ರನ್ನೇ ನೋಡ್ರಮ್ಮ. ಅವ್ರ ಅಪ್ಪಂಗೆ ಶುಗರ್ ಇತ್ತು, ಅಣ್ಣಂಗೆ ಐತೆ, ಇವ್ರನ್ನ ಮಾತ್ರ ಮುಟ್ಟಿಲ್ಲ. ಯಾಕೇಳಿ? ಬೆಳಗ್ಗೆದ್ರೆ ಮೆಂತ್ಯ!" ಎಂದು ಅವರು ನಲ್ಲಿಯ ಹತ್ತಿರ, ಸೊಪ್ಪಿನ ಗಾಡಿಯ ಹತ್ತಿರ, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳುತ್ತ ಬಂದಿರುತ್ತಾರೆ. ಆಂಜಿನಯ್ಯನವರು ಆಗ ಪಕ್ಕದಲ್ಲೇ ಚೀಲ ಹಿಡಿದು ನಿಂತಿರುತ್ತಾರೆ, ಸಾಕ್ಷಿಯ ಸ್ಥಾನದಲ್ಲಿ.

ವಸ್ತುಸ್ಥಿತಿ ಬೇರೆ. ಕಳೆದ ವರ್ಷ ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ಆಂಜಿನಯ್ಯನವರಿಗೆ ಶುಗರ್ ಇರುವುದು ಪತ್ತೆಯಾಗಿದ್ದು, ಅಂದಿನಿಂದ ಅವರು ಮಾತ್ರೆ ಸೇವಿಸುತ್ತಿದ್ದಾರೆ. ಮಾತ್ರೆಯನ್ನು ಮನೆಯಲ್ಲಿ ಇಡದೆ ಕಚೇರಿಯ ಡ್ರಾಯರಿನಲ್ಲಿ, ಮುದ್ರೆಯ ಮಸಿಯ ಡಬ್ಬಿಯ ಹಿಂದೆ ಇಟ್ಟಿದ್ದಾರೆ. ಮನೆಯಲ್ಲಿ ತಿಂಡಿ ತಿಂದು, ಕಚೇರಿಗೆ ನಡೆದು ಬಂದು, ಬಾಗಿಲ ಕಡೆ ಒಮ್ಮೆ ನೋಡಿ ನುಂಗುತ್ತಾರೆ. ಹೆಂಡತಿಗೆ ಏಕೆ ಹೇಳಿಲ್ಲವೆಂದು ಕೇಳಲಾಗಿ, "ಹೆಂಗ್ ಹೇಳ್ಲಿ ಮೇಡಂ? ಇಷ್ಟ್ ವರ್ಷದಿಂದ ದಿನಾ ತಪ್ಪದೆ ನೆನೆಸಿ ಕೊಟ್ಟವ್ಳೆ. ಬೀದೀಲೆಲ್ಲ ತಲೆ ಎತ್ಕೊಂಡ್ ಓಡಾಡ್ತಾಳೆ. ನಂಗೆ ಶುಗರ್ ಬಂತು ಅಂದ್ರೆ ಅವ್ಳ ಕೈ ಸೋತಂಗಲ್ವಾ?" ಎಂದು ಹೇಳಿಕೆ ನೀಡಿರುತ್ತಾರೆ. ಈ ಹೇಳಿಕೆಯನ್ನು ಕೇಳಿದ ಕೆಳಸಹಿದಾರರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ ಎಂಬುದನ್ನು ದಾಖಲಿಸಲಾಗಿದೆ.

ವಿಷಯ ಇಷ್ಟಕ್ಕೇ ನಿಂತಿದ್ದರೆ ಅದು ಗಂಡ ಹೆಂಡಿರ ನಡುವಿನ ಕಡತವಾಗಿ ಮುಕ್ತಾಯವಾಗುತ್ತಿತ್ತು. ಆದರೆ ಶುಕ್ರವಾರ ಸಂಜೆ ಪಕ್ಕದ ಮನೆಯ ಶ್ರೀಮತಿ ಲಕ್ಕಮ್ಮನವರು ಆಂಜಿನಯ್ಯನವರನ್ನು ಗೇಟಿನ ಹತ್ತಿರ ತಡೆದು, "ನಿಮ್ಮನ್ ನೋಡಿ ನಂಗೂ ಧೈರ್ಯ ಬಂತಣ್ಣ. ಶುಗರ್ ಮಾತ್ರೆ ಎಲ್ಲಾ ಬಿಟ್ಬಿಟ್ಟೆ. ಬರೀ ಮೆಂತ್ಯ ಈಗ" ಎಂದಿರುತ್ತಾರೆ. ಲಕ್ಕಮ್ಮನವರದು ಹಳೆಯ ಶುಗರ್. ಕಾಲಿನ ಗಾಯ ಒಂದು ಇನ್ನೂ ಒಣಗಿಲ್ಲ. ಇದನ್ನು ಕೇಳಿದ ಆಂಜಿನಯ್ಯನವರು "ಹ್ಞೂಂ ಕಣಮ್ಮ" ಎಂದು ನಕ್ಕು ಒಳಗೆ ಹೋಗಿರುತ್ತಾರೆ. ಅದು ನಗುವ ಸಂದರ್ಭವಾಗಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆ ರಾತ್ರಿ ಊಟಕ್ಕೆ ಕುಳಿತವರು ಮುದ್ದೆ ಮುಗಿಸಲಿಲ್ಲ. ಅರ್ಧಕ್ಕೇ ಕೈ ತೊಳೆದರು.

ಮರುದಿನ ಶನಿವಾರ. ಆಂಜಿನಯ್ಯನವರು ಶನಿವಾರ ಆಂಜನೇಯ ಸ್ವಾಮಿಯ ಹೆಸರಿನಲ್ಲಿ ಒಪ್ಪತ್ತು ಮಾಡುತ್ತಾರೆ, ಅಂದರೆ ಬೆಳಗಿನ ತಿಂಡಿ ಬಿಟ್ಟು ಒಂದೇ ಹೊತ್ತು ಊಟ. ಮೆಂತ್ಯ ಔಷಧಿ, ಊಟವಲ್ಲ. ಆದ್ದರಿಂದ ಅದರಿಂದ ಒಪ್ಪತ್ತು ಕೆಡುವುದಿಲ್ಲ ಎಂಬುದು ದೇವರ ಮುಂದೆ ಅವರು ಮಂಡಿಸಿದ ವಾದ. ಹಿಂದೆ ವೈದ್ಯರು "ಬೇರೆ ಏನಾದ್ರೂ ಔಷಧಿ ತಗೋತೀರಾ?" ಎಂದು ಕೇಳಿದಾಗ, ಮೆಂತ್ಯ ಊಟ, ಔಷಧಿಯಲ್ಲ ಎಂದು ತಿಳಿದು "ಏನೂ ಇಲ್ಲ ಸಾರ್" ಎಂದಿರುತ್ತಾರೆ. ಹೀಗೆ ಒಂದೇ ಕಾಳು ದೇವಸ್ಥಾನದಲ್ಲಿ ಒಂದು ಇಲಾಖೆಯಲ್ಲೂ ಕ್ಲಿನಿಕ್ಕಿನಲ್ಲಿ ಇನ್ನೊಂದು ಇಲಾಖೆಯಲ್ಲೂ ಕೆಲಸ ಮಾಡುತ್ತಿದ್ದು, ಎರಡೂ ಕಡೆ ಯಾರೂ ತಪಾಸಣೆ ಮಾಡಿರುವುದಿಲ್ಲ.

ಸದರಿ ಶನಿವಾರ ಅವರು ಮನೆಯಲ್ಲಿ ಮೆಂತ್ಯದ ನೀರು ಕುಡಿದು, ಖಾಲಿ ಹೊಟ್ಟೆಯಲ್ಲಿ ಕಚೇರಿಗೆ ಬಂದು, ಎಂದಿನಂತೆ ಮಾತ್ರೆ ನುಂಗಿದರು. ಅಷ್ಟರಲ್ಲಿ ಮೂರ್ತಿಯವರು ಮೊಳಕೆ ಮೆಂತ್ಯ ತಂದು, "ತಗೊಳ್ಳಿ ಸಾರ್, ನಿಮ್ಮನೇವ್ರು ಹೇಳ್ಕೊಟ್ಟಿದ್ದೇ" ಎಂದರು. ಬೇಡ ಎಂದರೆ ಮುಖ ಮುರಿದಂತಾಗುತ್ತದೆಂದು ತಿಂದರು. ಶರಣ್ ಆನ್‌ಲೈನಿನಲ್ಲಿ ತರಿಸಿದ ಮೆಂತ್ಯದ ಕ್ಯಾಪ್ಸೂಲ್ ಕೊಟ್ಟರು. ಹುಡುಗನ ಮನಸ್ಸು ನೋಯಿಸಬಾರದೆಂದು ಅದನ್ನೂ ನುಂಗಿದರು. ಬಳಿಕ ಮೆಂತ್ಯದ ಪುಡಿ ಕಲಸಿದ ಮಜ್ಜಿಗೆ ಬಂದಿತು. ದಾಕ್ಷಿಣ್ಯಕ್ಕೆ ಬಸಿರಾದರೆ ಹಡೆಯಲು ತಾವಿಲ್ಲ ಎಂಬ ಗಾದೆ ಈ ಕಚೇರಿಯ ಗೋಡೆಯ ಮೇಲೆ ಇರಬೇಕಾಗಿತ್ತು. ಅಲ್ಲಿ ಬೆಂಕಿ ಆರಿಸುವ ವಿಧಾನದ ಚಿತ್ರ ಇದೆ.

ನಂತರ ನಡೆದದ್ದು ಎಲ್ಲರಿಗೂ ತಿಳಿದಿದೆ. ಯಾವ ಕಡತ ಬಂದರೂ 'ಚರ್ಚಿಸಿ' ಅಥವಾ 'ಸ್ಪಷ್ಟೀಕರಣ ಪಡೆದು ಮರುಮಂಡಿಸಿ' ಎಂದು ಬರೆಯುವ ಆಂಜಿನಯ್ಯನವರು ಅಂದು ಮೇಜಿನ ಮೇಲಿದ್ದ ಕಡತಗಳ ಮೇಲೆಲ್ಲ 'ಒಪ್ಪಿದೆ' ಎಂದು ಬರೆಯತೊಡಗಿದರು. ಕಾಫಿಯ ಬಿಲ್ಲಿನ ಮೇಲೆ ಬರೆದರು. ಹಳೆಯ ದಿನಪತ್ರಿಕೆಯ ಮೇಲೂ ಬರೆದರು. ಕಲಾಸಿಪಾಳ್ಯದ ಸಗಟು ತರಕಾರಿ ವ್ಯಾಪಾರಿ ಶ್ರೀ ದೊಡ್ಡಬೈರಪ್ಪನವರು ತಮ್ಮ ಪರವಾನಗಿ ನವೀಕರಣಕ್ಕಾಗಿ ಚಪ್ಪಲಿ ಸವೆಸಿದವರು. ಅವರ ಕಡತಕ್ಕೂ ಒಂದೇ ಏಟಿಗೆ ಒಪ್ಪಿಗೆ ಬಿತ್ತು. ಸದರಿ ದೊಡ್ಡಬೈರಪ್ಪನವರು ಸಂತೋಷಪಡುವ ಬದಲು ಗಾಬರಿಯಾಗಿ, "ಅಯ್ಯೋ ಸಿವ್ನೆ, ಯಾರಾರ ಬನ್ರಪ್ಪೋ! ಸಾಯೇಬ್ರಿಗೆ ಏನೋ ಆಗೈತೆ, ನನ್ ಫೈಲ್‌ಗೆ ಸೈನ್ ಹಾಕ್ಬುಟ್ರು!" ಎಂದು ಕೂಗಿಕೊಂಡರು. ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಆಂಜಿನಯ್ಯನವರು ಬೆವರಿನಲ್ಲಿ ತೊಯ್ದು, ಕೈ ನಡುಗುತ್ತ, ಕುರ್ಚಿಯಿಂದ ಜಾರುತ್ತಿದ್ದರು. ದೊಡ್ಡಬೈರಪ್ಪನವರೇ ಹಿಡಿದುಕೊಂಡರು. ಕಾಫಿಯವರ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಲಾಯಿತು. ಸ್ವಲ್ಪ ಹೊತ್ತಿನಲ್ಲಿ ಆಂಜಿನಯ್ಯನವರು ಕಣ್ಣರಳಿಸಿ, ಮುಂದಿದ್ದ ಕಡತವನ್ನು ನೋಡಿ, "ಇದಕ್ಕೆ ಯಾರ್ರೀ ಒಪ್ಪಿಗೆ ಕೊಟ್ಟಿದ್ದು?" ಎಂದು ಗದರಿದರು. ಆಗ ಎಲ್ಲರಿಗೂ ಜೀವ ಬಂದಂತಾಯಿತು.

ಎದುರಿನ ವೈದ್ಯರು ರಕ್ತ ಪರೀಕ್ಷಿಸಿ, "ಮಾತ್ರೆ ನುಂಗಿ ತಿಂಡಿ ಬಿಟ್ಟಿದ್ದೇ ಮುಖ್ಯ ಕಾರಣ. ಅದ್ರ ಮೇಲೆ ಇಷ್ಟೊಂದ್ ಮೆಂತ್ಯ, ಅದೂ ಸಕ್ಕರೆ ಇಳಿಸೋದೇ. ಸಕ್ಕರೆ ಮಟ್ಟ ನೆಲ ಕಚ್ಚಿದೆ. ಮನೇಲಿ ಯಾರಿಗೂ ಗೊತ್ತಿಲ್ವಾ? ನಿದ್ದೇಲಿ ಹಿಂಗಾಗಿದ್ರೆ ಏನ್ರೀ ಗತಿ?" ಎಂದು ಬೈದಿರುತ್ತಾರೆ. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ.

ಕಂಡಿಕೆಗಳು

೧. ಈ ಸುತ್ತೋಲೆಯ ಉದ್ದೇಶಕ್ಕಾಗಿ 'ಮೆಂತ್ಯ' ಎಂದರೆ ನೆನೆಸಿದ ಕಾಳು, ಮೊಳಕೆ, ಪುಡಿ, ಕಷಾಯ, ಕ್ಯಾಪ್ಸೂಲ್ ಮತ್ತು ತಲೆಗೆ ಮೆತ್ತಿದ ಲೇಪ. ಮೆಂತ್ಯಸೊಪ್ಪಿನ ಪಲ್ಯ, ಹುಳಿಪುಡಿಗೆ ಹುರಿದು ಹಾಕುವ ಕಾಳು, ಮೆಂತ್ಯದ ದೋಸೆ ಇವು ಊಟವಾಗಿದ್ದು, ಸಾಮಾನ್ಯವಾಗಿ ಯಾರಿಗೂ ತೊಂದರೆ ಮಾಡಿದ ವರದಿ ಇರುವುದಿಲ್ಲ. ಮೆಂತ್ಯದ ದೋಸೆಯ ಬಗ್ಗೆ ಅನುಮಾನ ಉಂಟಾದಲ್ಲಿ, ಅದನ್ನು ಬಿಸಿಯಾಗಿರುವಾಗಲೇ ಚಟ್ನಿ ಸಹಿತ ಕೆಳಸಹಿದಾರರ ಕೊಠಡಿಗೆ ಪರಿಶೀಲನೆಗಾಗಿ ಮಂಡಿಸತಕ್ಕದ್ದು.

೨. ಮೆಂತ್ಯದ ಸದ್ಗುಣಗಳನ್ನು ಈ ಕಚೇರಿ ಅಲ್ಲಗಳೆಯುವುದಿಲ್ಲ. ಅದರಲ್ಲಿ ನಾರು ಹೆಚ್ಚಿದೆ, ಮಲಬದ್ಧತೆಗೆ ಒಳ್ಳೆಯದು. ಊಟದ ನಂತರ ಸಕ್ಕರೆ ಒಮ್ಮೆಲೇ ಏರುವುದನ್ನು ಸ್ವಲ್ಪ ತಡೆಯಬಹುದೆಂದು ಕೆಲವು ಅಧ್ಯಯನಗಳು ಹೇಳುತ್ತವೆಯೆಂದೂ, "ಸ್ವಲ್ಪ ಅಂದ್ರೆ ಸ್ವಲ್ಪ ಅಷ್ಟೇ" ಎಂದೂ ವೈದ್ಯರು ತಿಳಿಸಿದ್ದಾರೆ. ಆದುದರಿಂದ ಮಾತ್ರೆಯ ಹುದ್ದೆಗೆ ಮೆಂತ್ಯವನ್ನು ಪ್ರಭಾರದಲ್ಲಿರಿಸಲು ಅವಕಾಶವಿರುವುದಿಲ್ಲ. ಸೇವಾ ಹಿರಿತನ ಎಷ್ಟೇ ಇದ್ದರೂ ಮೆಂತ್ಯವು ಸಹಾಯಕರ ಹುದ್ದೆಯಲ್ಲೇ ಮುಂದುವರಿಯತಕ್ಕದ್ದು.

೩. ಒಬ್ಬ ನೌಕರರು ಇನ್ನೊಬ್ಬ ನೌಕರರಿಗೆ ಮೆಂತ್ಯ ನೀಡುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಬೇಡ ಎನ್ನಲು ಬಾರದ ನೌಕರರಿಗೆ ಊಟದ ವಿರಾಮದಲ್ಲಿ ತರಬೇತಿ ನೀಡಲಾಗುವುದು. ಮೊದಲ ತರಬೇತಿಯಲ್ಲಿ ಆಂಜಿನಯ್ಯನವರು "ಬೇಡ... ಸರಿ, ಸ್ವಲ್ಪ ಹಾಕಿ" ಎಂದಿದ್ದು, ಅದನ್ನು ಅನುತ್ತೀರ್ಣ ಎಂದು ಪರಿಗಣಿಸಲಾಗಿದೆ. ಸದರಿಯವರು ಮರುಪರೀಕ್ಷೆಗೆ ಹಾಜರಾಗತಕ್ಕದ್ದು.

೪. ಕಿಟಕಿಯ ಕಟ್ಟೆ ಸರ್ಕಾರಿ ಸ್ವತ್ತಾಗಿರುತ್ತದೆ. ಅದರ ಮೇಲೆ ಲೋಟಗಳನ್ನು ಸಾಲಾಗಿ ಇಟ್ಟು ಮೆಂತ್ಯ ನೆನೆಸುವುದು ಒತ್ತುವರಿಯಾಗುತ್ತದೆ. ಶುಕ್ರವಾರ ನೆನೆಸಿ ಮರೆತ ಒಂದು ಲೋಟದಲ್ಲಿ ಸೋಮವಾರ ಎಲೆ ಕಂಡುಬಂದಿದ್ದು, ಅದನ್ನು ಇಲಾಖೆಯ ಹಸಿರೀಕರಣದ ಪ್ರಗತಿ ವರದಿಯಲ್ಲಿ ತೋರಿಸುವಂತಿಲ್ಲ. ಅಲ್ಲದೆ ಗೋಂದು ಖಾಲಿಯಾದಾಗ ರವಾನೆ ಶಾಖೆಯವರು ಮೂರ್ತಿಯವರ ಲೋಟದ ಲೋಳೆಯಿಂದ ಲಕೋಟೆ ಅಂಟಿಸಿದ್ದು, ಸದರಿ ಲಕೋಟೆಗಳು ಅಂಚೆ ಕಚೇರಿ ತಲುಪುವ ಮೊದಲೇ ಇರುವೆಗಳನ್ನು ತಲುಪಿರುತ್ತವೆ.

೫. ಮೆಂತ್ಯವನ್ನು ಹೆಚ್ಚಾಗಿ ತಿಂದವರ ಬೆವರಿಗೆ ಸಕ್ಕರೆ ಪಾಕ ಕಾಯಿಸಿದಂಥ ವಾಸನೆ ಬರುತ್ತದೆಂದು ವೈದ್ಯರು ದೃಢಪಡಿಸಿದ್ದಾರೆ. ಇದು ಕಾಯಿಲೆಯಲ್ಲ. ಹೊರಗೆ ಸಾಲಿನಲ್ಲಿ ನಿಂತವರು ಒಳಗೆ ಜಿಲೇಬಿ ಹಂಚುತ್ತಿದ್ದಾರೆಂದು ನೂಕುನುಗ್ಗಲು ಮಾಡಿದ್ದು ಮಾತ್ರ ಗಂಭೀರ ವಿಷಯ. ಸಂಬಂಧಪಟ್ಟ ನೌಕರರು ಫ್ಯಾನಿನ ಗಾಳಿ ಸಾರ್ವಜನಿಕರ ಕಡೆ ಬೀಸದ ಜಾಗದಲ್ಲಿ ಕೂರತಕ್ಕದ್ದು.

೬. ಮೆಂತ್ಯದ ಲೇಪವನ್ನು ತಲೆಗೆ ಹಚ್ಚಿ, ತೊಳೆಯದೆ, ಅದರ ಮೇಲೆ ಹೆಲ್ಮೆಟ್ ಧರಿಸಿ ಬರುವುದನ್ನು ನಿಷೇಧಿಸಲಾಗಿದೆ. ಮುಖ ಗುರುತಿಸುವ ಹಾಜರಾತಿ ಯಂತ್ರವು ಶರಣ್ ಅವರನ್ನು ಸೋಮವಾರಗಳಂದು ಗುರುತಿಸಲು ನಿರಾಕರಿಸಿದೆ. ಲೇಪ ಒಣಗಿ ಹೆಲ್ಮೆಟ್ ಬಿಡದಿದ್ದಲ್ಲಿ ಅದನ್ನು ಕರ್ತವ್ಯನಿರತ ಅವಧಿಯೆಂದು ಪರಿಗಣಿಸಲಾಗುವುದಿಲ್ಲ. ಕೂದಲು ಉದ್ದವಾದ ಬಗ್ಗೆ ಪುರಾವೆ ಕೇಳಲಾಗಿದ್ದು, ಉತ್ತರ ನಿರೀಕ್ಷಣೆಯಲ್ಲಿದೆ.

೭. ಒಪ್ಪತ್ತು, ಉಪವಾಸ ಇತ್ಯಾದಿ ಮಾಡುವ ನೌಕರರು, ಶುಗರ್ ಮಾತ್ರೆ ತೆಗೆದುಕೊಳ್ಳುವವರಾಗಿದ್ದಲ್ಲಿ, ಮೊದಲು ವೈದ್ಯರನ್ನು ಕೇಳತಕ್ಕದ್ದು. ದೇವರ ಮುಂದೆ ಔಷಧಿ ಎಂದೂ ವೈದ್ಯರ ಮುಂದೆ ಊಟ ಎಂದೂ ಮೆಂತ್ಯಕ್ಕೆ ಎರಡು ಗುರುತಿನ ಚೀಟಿ ಮಾಡಿಸುವಂತಿಲ್ಲ. ಈ ಬಗ್ಗೆ ಆಂಜನೇಯ ಸ್ವಾಮಿಯ ಅಭಿಪ್ರಾಯ ಪಡೆಯಲಾಗಿಲ್ಲ. ಆದರೆ ಲಕ್ಷ್ಮಣನ ಜೀವ ಉಳಿಸಲು ಗಿಡಮೂಲಿಕೆಯ ಬೆಟ್ಟವನ್ನೇ ಹೊತ್ತು ತಂದ ಸ್ವಾಮಿಯು, ಭಕ್ತರೊಬ್ಬರು ಎರಡು ಇಡ್ಲಿ ತಿಂದು ಮಾತ್ರೆ ನುಂಗಿದರೆ ಮುನಿಸಿಕೊಳ್ಳಲಾರನೆಂದು ಭಾವಿಸಲಾಗಿದೆ.

೮. ಕೆಳಕಂಡವರು ವೈದ್ಯರನ್ನು ಕೇಳದೆ ಮೆಂತ್ಯವನ್ನು ಔಷಧಿಯಂತೆ ಸೇವಿಸಬಾರದು: ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಕಡಲೆಕಾಯಿ, ಕಡಲೆ ಮುಂತಾದವು ಮೈಗೆ ಒಗ್ಗದವರು, ಆಪರೇಷನ್ನಿಗೆ ದಿನ ಗೊತ್ತಾದವರು. ಬಸುರಿಯರು ಅಡುಗೆಯಲ್ಲಿ ಬಿದ್ದಷ್ಟು ಬಿಟ್ಟು ಹೆಚ್ಚು ತಿನ್ನಬಾರದು. ಬಾಣಂತಿಗೆ ಕೊಡುವ ಪದ್ಧತಿ ಇದೆಯಲ್ಲ, ಬಸುರಿಗೂ ಒಳ್ಳೆಯದೇ ಎಂಬ ಮೂರ್ತಿಯವರ ವಾದವನ್ನು ತಿರಸ್ಕರಿಸಲಾಗಿದೆ. ಪಿಂಚಣಿ ನಿವೃತ್ತಿಯ ನಂತರವೇ ಬರುತ್ತದೆ. ಹೊಟ್ಟೆಯುಬ್ಬರ ಮತ್ತು ಭೇದಿ ಉಂಟಾದವರು ಪ್ರಮಾಣವನ್ನು ಕಡಿಮೆ ಮಾಡಬೇಕೇ ಹೊರತು ಶೌಚಾಲಯದ ಬೀಗದ ಕೈಯನ್ನು ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ.

೯. ಮೈ ಬೆವರುವುದು, ಕೈ ನಡುಗುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು ಮತ್ತು ಅಧೀಕ್ಷಕರು ಮರುಪ್ರಶ್ನೆಯಿಲ್ಲದೆ 'ಒಪ್ಪಿದೆ' ಎಂದು ಬರೆಯುವುದು, ಇವು ಸಕ್ಕರೆ ಇಳಿದಿರುವ ಲಕ್ಷಣಗಳಾಗಿರಬಹುದು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಅಥವಾ ಹಣ್ಣಿನ ರಸ ಕುಡಿಸಿ, ಚೇತರಿಸಿಕೊಂಡ ಮೇಲೆ ತಿಂಡಿ ಕೊಟ್ಟು, ವೈದ್ಯರ ಬಳಿ ಕರೆದೊಯ್ಯತಕ್ಕದ್ದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯತಕ್ಕದ್ದು. ಇದಕ್ಕೆ ಮೇಲಧಿಕಾರಿಗಳ ಪೂರ್ವಾನುಮತಿ ಬೇಕಿಲ್ಲ. ಈ ಕಚೇರಿಯಲ್ಲಿ ಪೂರ್ವಾನುಮತಿ ಬೇಕಿಲ್ಲದ ಏಕೈಕ ಕೆಲಸ ಇದಾಗಿರುತ್ತದೆ.

೧೦. ಸದರಿ ಶನಿವಾರ ಒಪ್ಪಿಗೆ ಪಡೆದ ಕಡತಗಳ ಸಿಂಧುತ್ವದ ಬಗ್ಗೆ ಪ್ರಶ್ನೆ ಎದ್ದಿದೆ. ಅವೆಲ್ಲವನ್ನೂ ಕೆಳಸಹಿದಾರರು ಮರುಪರಿಶೀಲಿಸಲಾಗಿ, ಎಲ್ಲವೂ ಕ್ರಮಬದ್ಧವಾಗಿದ್ದು, ಬಹಳ ಹಿಂದೆಯೇ ಒಪ್ಪಬೇಕಾಗಿದ್ದವೆಂದು ಕಂಡುಬಂದಿರುತ್ತದೆ. ಆದುದರಿಂದ ಒಪ್ಪಿಗೆಗಳನ್ನು ಎತ್ತಿಹಿಡಿಯಲಾಗಿದೆ. ಇದರಿಂದ ತಪ್ಪು ತೀರ್ಮಾನಕ್ಕೆ ಬಂದು ಸಾರ್ವಜನಿಕರು ಅಧೀಕ್ಷಕರನ್ನು ಉಪವಾಸ ಕೆಡವಲು ಪ್ರಯತ್ನಿಸಬಾರದು. ಸೋಮವಾರ ಒಬ್ಬರು ಮೆಂತ್ಯದ ಪೊಟ್ಟಣದೊಂದಿಗೆ ಬಂದಿದ್ದು, ಅವರನ್ನು ಎಚ್ಚರಿಕೆ ನೀಡಿ ಕಳುಹಿಸಲಾಗಿದೆ.

೧೧. ಮುಖ್ಯ ಕಂಡಿಕೆ. ಆಂಜಿನಯ್ಯನವರು ತಮಗೆ ಶುಗರ್ ಇರುವುದನ್ನೂ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನೂ ಬರುವ ಶನಿವಾರದೊಳಗೆ ಪಾರ್ವತಮ್ಮನವರಿಗೆ ತಿಳಿಸತಕ್ಕದ್ದು. ಮೂರ್ತಿಯವರ ಮೂಲಕ ತಿಳಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವೆಂದು ತೋರಿಸುವುದು, "ನಮ್ ಆಫೀಸಲ್ಲಿ ಒಬ್ರಿಗೆ ಹಿಂಗಾಯ್ತು" ಎಂದು ಆರಂಭಿಸಿ ನಡುವೆ ನಿಲ್ಲಿಸುವುದು, ಇವ್ಯಾವನ್ನೂ ತಿಳಿಸಿದಂತೆ ಪರಿಗಣಿಸಲಾಗುವುದಿಲ್ಲ. ಈ ಸುತ್ತೋಲೆಯ ಪ್ರತಿಯನ್ನು ಅಡುಗೆಮನೆಯಲ್ಲಿ ಇಟ್ಟು ಹೊರಗೆ ಹೋಗುವುದೂ ಸಲ್ಲದು.

ಹೆಂಡತಿಯ ಹೆಮ್ಮೆ ಉಳಿಸಲು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಪ್ರೀತಿಯೇ ಇರಬಹುದು. ಕಚೇರಿ ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಆ ಪ್ರೀತಿಯನ್ನು ನಂಬಿ ಪಕ್ಕದ ಮನೆಯಲ್ಲಿ ಒಬ್ಬರು ಮಾತ್ರೆ ಬಿಟ್ಟು ಕುಳಿತಿದ್ದಾರೆ. ಅವರ ಕಾಲಿನ ಗಾಯ ಆಂಜಿನಯ್ಯನವರ ಸಂಕೋಚಕ್ಕಾಗಿ ಕಾಯುವುದಿಲ್ಲ. ಈ ವಿಷಯದಲ್ಲಿ 'ಚರ್ಚಿಸಿ' ಎಂದು ಬರೆದು ಮುಂದೂಡಲು ಅವಕಾಶವಿರುವುದಿಲ್ಲ.

೧೨. ಸೇರ್ಪಡೆ. ಸರ್ವರ್ ಕೆಟ್ಟ ಕಾರಣ ಈ ಸುತ್ತೋಲೆ ಕಂಪ್ಯೂಟರಿನಲ್ಲೇ ಕುಳಿತಿದ್ದು, ಆ ಅವಧಿಯಲ್ಲಿ ಕಂಡಿಕೆ ೧೧ರ ಪಾಲನೆ ಆಗಿರುವ ಬಗ್ಗೆ ಆಂಜಿನಯ್ಯನವರು ಮೌಖಿಕ ವರದಿ ಸಲ್ಲಿಸಿರುತ್ತಾರೆ. ವರದಿಯಂತೆ, ಬುಧವಾರ ಸಂಜೆ ಪಾರ್ವತಮ್ಮನವರು ನಡುಮನೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಾಗ ಸದರಿಯವರು ಎದುರಿಗೆ ಕುಳಿತು ತಾವೂ ಒಂದಷ್ಟು ಬಿಡಿಸಿದರು. ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕಿದ್ದು ಕಂಡು, "ಏನಾಯ್ತು ನಿಮ್ಗೆ?" ಎಂದು ಪಾರ್ವತಮ್ಮನವರು ಕೇಳಿದರು. ಆಗ ಆಂಜಿನಯ್ಯನವರು ಎಲ್ಲವನ್ನೂ ಹೇಳಿದರು: ತಪಾಸಣೆ, ಡ್ರಾಯರು, ಶನಿವಾರ, ಲಕ್ಕಮ್ಮನವರ ಮಾತು. ಹೇಳುವಾಗ ತಲೆ ಎತ್ತಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ.

ಪಾರ್ವತಮ್ಮನವರು ಬೈಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ನೇರವಾಗಿ ಪಕ್ಕದ ಮನೆಗೆ ನಡೆದರು. ಲಕ್ಕಮ್ಮನವರ ಜಗಲಿಯ ಮೇಲೆ ಬೀದಿಯ ಹೆಂಗಸರು ನಾಲ್ಕೈದು ಮಂದಿ ಕುಳಿತಿದ್ದರು. ಅವರೆಲ್ಲರ ಎದುರಿಗೇ, ತಮ್ಮ ಮನೆಯ ಬಾಗಿಲಲ್ಲಿ ನಿಂತ ಆಂಜಿನಯ್ಯನವರಿಗೂ ಕೇಳುವಂತೆ, "ಲಕ್ಕಮ್ಮಾ, ನಮ್ಮನೇವ್ರಿಗೂ ಶುಗರ್ ಐತೆ ಕಣೆ. ಮಾತ್ರೆ ತಗೊಳ್ತಾವ್ರೆ. ನಾನ್ ಹೇಳಿದ್ ತಪ್ಪಾಯ್ತು. ನಿನ್ ಮಾತ್ರೆ ಎಲ್ಲಿಟ್ಟಿದ್ಯ, ತೆಗಿ. ಬೆಳಗ್ಗೆ ನಾನೇ ಡಾಕ್ಟ್ರ ಹತ್ರ ಕರ್ಕೊಂಡೋಗ್ತೀನಿ" ಎಂದರು. ಯಾವ ಹೆಮ್ಮೆಯನ್ನು ಕಾಪಾಡಲು ಆಂಜಿನಯ್ಯನವರು ವರ್ಷವಿಡೀ ಕದ್ದು ಮಾತ್ರೆ ನುಂಗಿದ್ದರೋ, ಅದನ್ನು ಪಾರ್ವತಮ್ಮನವರು ಆ ಜಗಲಿಯ ಮೇಲೆ ಇಳಿಸಿಟ್ಟು ಬಂದರು. ಬಾಗಿಲಲ್ಲಿ ನಿಂತವರಿಗೆ ಅಳು ಬಂತು. ಇದನ್ನು ವರದಿಯಲ್ಲಿ ಸೇರಿಸಬಾರದೆಂದು ಅವರು ಕೋರಿದ್ದು, ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಹಿಂತಿರುಗಿದ ಪಾರ್ವತಮ್ಮನವರು ಮತ್ತೆ ಮೊರದ ಮುಂದೆ ಕುಳಿತು, "ಕಾಯ್ಲೆ ಬಂದಿದ್ದು ನಿಮ್ ತಪ್ಪಲ್ಲ, ನನ್ ತಪ್ಪೂ ಅಲ್ಲ. ಒಬ್ರೇ ನುಂಗ್ತಿದ್ರಲ್ಲ, ಅದು ತಪ್ಪು" ಎಂದರು. ಈ ಮಾತಿಗೆ ಸ್ಪಷ್ಟೀಕರಣದ ಅಗತ್ಯ ಕಂಡುಬಂದಿರುವುದಿಲ್ಲ.

ಮೇಲ್ಕಂಡ ಎಲ್ಲ ಕಂಡಿಕೆಗಳನ್ನು ಸಿಬ್ಬಂದಿಯವರು ಚಾಚೂ ತಪ್ಪದೆ ಪಾಲಿಸತಕ್ಕದ್ದು. ತಪ್ಪಿದವರನ್ನು ಪಾರ್ವತಮ್ಮನವರ ಮುಂದೆ ಹಾಜರುಪಡಿಸಲಾಗುವುದು.

(ಸಹಿ)
ವಿಶಾಖಾ
ಸಹಾಯಕ ನಿರ್ದೇಶಕರು
(ಕರಡನ್ನೂ ಬರೆದವರು, ಬೆರಳಚ್ಚೂ ಮಾಡಿದವರು)

ಪ್ರತಿಗಳು:

೧. ಸೂಚನಾ ಫಲಕಕ್ಕೆ. ಛತ್ರಿಯ ಸುತ್ತೋಲೆಯ ಮೇಲೆ ಅಂಟಿಸುವುದು. ಮೆಂತ್ಯದ ಲೋಳೆ ಬಳಸಬಾರದು.

೨. ಶ್ರೀ ಮೂರ್ತಿ, ವಿಷಯ ನಿರ್ವಾಹಕರು. ಜಪ್ತಿ ಮಾಡಿದ ಲೋಟವನ್ನು ತೊಳೆದು ಹಿಂತಿರುಗಿಸಿದೆ.

೩. ಶ್ರೀ ಶರಣ್. ತಲೆ ಸ್ನಾನ ಮಾಡಿ ಬಂದ ನಂತರ ನೀಡುವುದು.

೪. ಶ್ರೀ ದೊಡ್ಡಬೈರಪ್ಪ, ಕಲಾಸಿಪಾಳ್ಯ. ನವೀಕರಿಸಿದ ಪರವಾನಗಿಯೊಂದಿಗೆ, ಕಚೇರಿಯ ಕೃತಜ್ಞತೆಗಳೊಂದಿಗೆ.

೫. ಶ್ರೀ ಆಂಜಿನಯ್ಯ, ಅಧೀಕ್ಷಕರು. ಅಲ್ಪವಿರಾಮಗಳನ್ನು ತಿದ್ದದೆ ಕಡತಕ್ಕೆ ಸೇರಿಸಲು.

೬. ಶ್ರೀಮತಿ ಪಾರ್ವತಮ್ಮನವರಿಗೆ, ಗೌರವಪೂರ್ವಕವಾಗಿ.

೭. ಶ್ರೀಮತಿ ಲಕ್ಕಮ್ಮನವರಿಗೆ, ತಿಂಡಿ ತಿಂದು, ಮಾತ್ರೆ ನುಂಗಿ, ಆಮೇಲೆ ಓದಿಕೊಳ್ಳಲು.